ಮೂರು ಗಂಟೆ

ಸಂತೆಹೊಂಡದ ಹತ್ತಿರ ಮಂಡಕ್ಕಿ ಕಟ್ಟಿಸಿಕೊಂಡು ಬಂದ ಕಾಗದ
ಯಾವುದೋ ಹಳೆಯ ಮ್ಯಾಗಜೀನಿನ ಹಾಳೆ.
ಮಿರ್ಚಿಯ ಎಣ್ಣೆ ಕುಡಿದು
ಅರ್ಧ ಜಪಾನು ಗಾಜಾಗಿದೆ.
ಉಳಿದರ್ಧದಲ್ಲಿ ಒಂದು ಬೆಟ್ಟ,
ಬೆಟ್ಟದ ಬೆನ್ನಿಗೆ ಹೊಲಿಗೆ ಹಾಕಿದಂತೆ ಒಂದೇ ಒಂದು ಹಳಿ,
ನಟ್ಟನಡುವೆ ಅದು ಕವಲೊಡೆದು ಮತ್ತೆ ಕೂಡುವ ಜಾಗದಲ್ಲಿ
ಎರಡು ಕೆಂಪು ಡಬ್ಬಿ,
ಮೆಟ್ಟಿಲು ಮೆಟ್ಟಿಲಾಗಿ ಕೂತ ಜನ,
ಒಂದು ಮೇಲಕ್ಕೆ, ಒಂದು ಕೆಳಕ್ಕೆ.

ಅಪ್ಪ ಕನ್ನಡಕ ಕೂಡ ಹುಡುಕಲಿಲ್ಲ.
"ಇಂಜಿನ್ನಿಲ್ಲ ನೋಡು. ಹಗ್ಗದ ಗಾಡಿ.
ಇಳಿಯೋದೇ ಏರೋದನ್ನ ಎಳಿತೈತೆ.
ಮೋಟರಿಗೆ ಬರೀ ಎರಡರ ಜಗಳ ಬಿಡಿಸೋ ಕೆಲಸ."

ಅಲ್ಲಿ ಬಿಸಿನೀರಿನ ಊಟೆಗಳಿವೆಯಂತೆ, ಜನ ಮೇಲೆ ಹೋಗಿ ಮೀಯುತ್ತಾರಂತೆ, ಅಂದೆ.
"ನಮ್ಮಲ್ಲೂ ಅಷ್ಟೆ," ಅಂದ,
"ಮೇಲೆ ಬಂದೋರೆಲ್ಲ ಮೀಯಲೇಬೇಕಿತ್ತು."

ಪಾಲಯ್ಯ, ವಿಂಚ್ ಡ್ರೈವರು, ಟೋಕನ್ ನೂರಾ ಹದಿನೇಳು,
ಇಂಗಳದಾಳದ ತಾಮ್ರದ ಗಣಿ.
ಇಪ್ಪತ್ತೆರಡು ವರ್ಷ ಕಿಟಕಿಯಿಲ್ಲದ ತಗಡಿನ ಕೋಣೆಯಲ್ಲಿ ಕೂತು
ತಾನು ಕಾಣದ ಡಬ್ಬಿಯನ್ನು
ತಾನು ಕಾಣದ ಆಳದಿಂದ ಎಳೆದು ತಂದವನು.
ಕಣ್ಣಿಗೆ ಡ್ರಮ್ಮಿನ ಮೇಲೆ ಬಳಿದ ಸುಣ್ಣದ ಗುರುತು,
ಕಿವಿಗೆ ಜಬ್ಬಾರ್ ಸಾಬರ ಗಂಟೆ.
ಒಂದು, ನಿಲ್ಲಿಸು.
ಎರಡು, ಬಿಡು.
ಮೂರು, ಮನುಷ್ಯರಿದ್ದಾರೆ, ಮೆಲ್ಲಗೆ ಎಳಿ.
ನಾಲ್ಕು ಬಡಿದದ್ದು ಒಂದೇ ಸಲ.
ಅದನ್ನು ಅಪ್ಪ ಹೇಳುವುದಿಲ್ಲ.

ಚಿಕ್ಕವಳಿದ್ದಾಗ ಈ ಮೂರು ಗಂಟೆಯನ್ನು
ನಾನು ಹೊತ್ತು ಅಂದುಕೊಂಡಿದ್ದೆ.
ಅವ್ವನ ಕ್ಯಾಂಟೀನ್ ಪಾಳಿ ಶುರುವಾಗುತ್ತಿದ್ದದ್ದೂ ಮೂರಕ್ಕೇ.
ಕ್ವಾರ್ಟರ್ಸಿನಿಂದ ಅವಳು ಇಳಿಯುತ್ತಿದ್ದಳು
ನನ್ನನ್ನು ಸೊಂಟಕ್ಕೇರಿಸಿ,
ಗೇಟಿನಿಂದ ಅವನು ಏರುತ್ತಿದ್ದ
ಗ್ರೀಸಿನ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ.
ಹುಣಸೆಮರದ ಹತ್ತಿರ ದಾರಿ ತುಸು ಅಗಲ.
ಅಲ್ಲಿ ಬೀಗದ ಕೈ ದಾಟುತ್ತಿತ್ತು,
"ಸಾರು ಒಲೆ ಮ್ಯಾಗೈತೆ" ದಾಟುತ್ತಿತ್ತು,
ನಾನು ದಾಟುತ್ತಿದ್ದೆ.
ಅವರು ನಿಂತು ಮಾತಾಡಿದ್ದು ನನಗೆ ನೆನಪಿಲ್ಲ.
ಅಪ್ಪನ ಹೆಗಲ ಮೇಲಿಂದ ಹಿಂದಕ್ಕೆ ನೋಡಿದರೆ
ಅವ್ವ ಸಣ್ಣಗಾಗುತ್ತ ಹೋದಂತೆ
ಬೆನ್ನ ಹಿಂದೆ ಮನೆ ಹತ್ತಿರ ಬರುತ್ತಿತ್ತು.

ಗಣಿ ಮುಚ್ಚಿದ ವರ್ಷ
ಹಗ್ಗ ಹರಾಜಾಯಿತು, ತೂಕದ ಲೆಕ್ಕದಲ್ಲಿ.
ಎಂಟು ಮಾರಿನ ತುಂಡೊಂದನ್ನು ಅಪ್ಪ ಸೈಕಲ್ಲಿಗೆ ಸುತ್ತಿ ತಂದ.
ಆರು ಎಳೆ, ಎಳೆಗೆ ಹತ್ತೊಂಬತ್ತು ತಂತಿ,
ನಡುವೆ ಸೆಣಬಿನ ಕರುಳು.
ಅದೇ ಇವತ್ತಿಗೂ ಹಿತ್ತಲಲ್ಲಿ ಬಟ್ಟೆ ಒಣಹಾಕುವ ಹಗ್ಗ.
ನನ್ನ ಸ್ಕೂಲಿನ ಬಿಳಿ ಅಂಗಿಗಳಿಗೆಲ್ಲ
ಹೆಗಲಿನಿಂದ ಸೊಂಟಕ್ಕೆ ಓರೆಯಾಗಿ ತುಕ್ಕಿನ ಗೆರೆ.
"ಇದೇನೇ, ಕಬ್ಬಿಣದ ಜನಿವಾರ?" ಎಂದು
ಟೀಚರು ನಕ್ಕಿದ್ದರು, ನಾನೂ ನಕ್ಕಿದ್ದೆ,
ಮನೆಗೆ ಬಂದು ಅಂಗಿಯನ್ನು ಕಲ್ಲಿಗೆ ಕುಕ್ಕಿದ್ದೆ.

ಈಗ ಅಪ್ಪ ಹಾಳೆಯನ್ನು ಬೆಳಕಿಗೆ ಹಿಡಿದಿದ್ದಾನೆ.
ಎಣ್ಣೆ ಕುಡಿದ ಕಡೆಯಿಂದ
ಜೋಗಿಮಟ್ಟಿಯ ಗಾಳಿ ಫ್ಯಾನುಗಳು ಮಸುಕು ಮಸುಕಾಗಿ
ಜಪಾನಿನ ಆಕಾಶದಲ್ಲಿ ತಿರುಗುತ್ತವೆ.
"ಎಲ್ರೂ ನಗ್ತಾ ಕುಂತವ್ರೆ.
ಎಳೆಯೋನು ಎಲ್ಲಿ?"
ಹಾಳೆಯನ್ನು ಮಂಚದ ಮೇಲೆ ಹರವಿ
ಹಳಿಯ ಗುಂಟ ಬೆರಳು ಸರಿಸಿ ಸರಿಸಿ
ಚಿತ್ರದ ಮೇಲಂಚು ದಾಟಿ
ಕೌದಿಯ ಒಂದು ಹಳದಿ ತುಂಡಿನ ಮೇಲೆ ನಿಲ್ಲಿಸಿದ.
"ಇಲ್ಲೆಲ್ಲೋ ಇರಬೇಕು."

ಹಿತ್ತಲಿನ ಮೆಟ್ಟಿಲಲ್ಲಿ ಸದ್ದು.
ಮೊಣಕಾಲು ಹಿಡಿದು, ಗೋಡೆ ಹಿಡಿದು, ಒಂದೊಂದೇ.
ಅಪ್ಪ ತಲೆಯೆತ್ತಲಿಲ್ಲ.
ಅವನ ಉಗುರು ತನ್ನಷ್ಟಕ್ಕೆ ತಾನೇ
ಸ್ಟೀಲ್ ಲೋಟಕ್ಕೆ ಮೂರು ಸಲ ಬಡಿಯಿತು.

ಒಣಬಟ್ಟೆ ತೋಳ ತುಂಬ ಹೊತ್ತು ಅವ್ವ ಒಳಬಂದಳು.
ಚಿತ್ರ ನೋಡಿದಳು. ತುಸು ಹೊತ್ತೇ ನೋಡಿದಳು.
"ಅವರ ಹಗ್ಗ ಕಲೆ ಬಿಡಂಗಿಲ್ಲೇನು?"

ಅಪ್ಪ ಉಳಿದ ಮಂಡಕ್ಕಿಯನ್ನು
ಅವಳ ಕಡೆ ಸರಿಸಿದ.